ನಾಲ್ಕೂವರೆ ಮನೆಯಲ್ಲಿ ಒಂದು ಶತಮಾನ

ನಮ್ಮ ಬೀದಿಯ ಭಜನಾ ಮಂಡಳಿಗೆ ಹೊಸಬರು ಹಾಡಲು ಬಂದರೆ ಹಾರ್ಮೋನಿಯಂ ಮುಂದೆ ಕೂತವರು ಮೊದಲು ಕೇಳುವುದು ಊರಲ್ಲ, ಹೆಸರಲ್ಲ. "ನಿಮ್ಮದು ಎಷ್ಟು ಮನೆ?" ಅಂತ. ಹಾರ್ಮೋನಿಯಂನ ಒಂದೊಂದು ಕೀಲಿಗೂ ನಾವು ಮನೆ ಅನ್ನುತ್ತೇವೆ. ಬಿಳಿಮನೆ, ಕರಿಮನೆ. ಗಂಡಸರು ಒಂದು, ಒಂದೂವರೆ ಅನ್ನುತ್ತಾರೆ. ಹೆಂಗಸರು ಐದು, ಐದೂವರೆ ಅನ್ನುತ್ತಾರೆ. ಅರ್ಧ ಸೇರಿದರೆ ಅದು ಕರಿಮನೆ. ಸ್ವರ ಬಂದು ನಿಲ್ಲುವ ಜಾಗಕ್ಕೆ ಮನೆ ಅಂತ ಹೆಸರಿಟ್ಟವರು ಯಾರೋ ಗೊತ್ತಿಲ್ಲ, ಆದರೆ ಚಿಕ್ಕಂದಿನಿಂದಲೂ ನನಗೆ ಆ ಮಾತು ತುಂಬ ಇಷ್ಟ.

ಅಮೆರಿಕದ ಹಾಡುಗಳ ಸಂಯೋಜಕರೊಬ್ಬರ ಬದುಕನ್ನು ಓದುತ್ತಾ ಈ ಮಾತು ಮತ್ತೆ ಮತ್ತೆ ನೆನಪಾಯಿತು. ಅವರಿಗೆ ಪಿಯಾನೋದಲ್ಲಿ ಸರಾಗವಾಗಿ ಬರುತ್ತಿದ್ದದ್ದು ಒಂದೇ ಶ್ರುತಿ. ನಮ್ಮ ಲೆಕ್ಕದಲ್ಲಿ ನಾಲ್ಕೂವರೆ ಮನೆ, ಅಂದರೆ ಮೂರನೆಯ ಕರಿಮನೆ. ಸ್ವರಲಿಪಿ ಓದಲು ಬರುತ್ತಿರಲಿಲ್ಲ. ಬರೆಯಲೂ ಬರುತ್ತಿರಲಿಲ್ಲ. ಆದರೂ ಸಾವಿರಕ್ಕೂ ಹೆಚ್ಚು ಹಾಡು ಕಟ್ಟಿದರು. ಮಾತೂ ಅವರದ್ದೇ, ಮಟ್ಟೂ ಅವರದ್ದೇ. 101 ವರ್ಷ ಬದುಕಿದರು. ಅವರ ಹೆಸರು ಇರ್ವಿಂಗ್ ಬರ್ಲಿನ್.

ಹೆಸರು ಕೇಳಿರದಿದ್ದರೂ ಹಾಡು ಕೇಳಿರುತ್ತೀರಿ. ಡಿಸೆಂಬರ್ ಬಂತೆಂದರೆ ಬೆಂಗಳೂರಿನ ದೊಡ್ಡ ಅಂಗಡಿಗಳಲ್ಲಿ ಬೆಳಗಿನಿಂದ ರಾತ್ರಿಯವರೆಗೆ 'ವೈಟ್ ಕ್ರಿಸ್‌ಮಸ್' ಕೇಳಿಸುತ್ತಿರುತ್ತದೆ. ಹಿಮ ಬೀಳದ ಊರು ನಮ್ಮದು. ಹಿಮದ ಕನಸಿನ ಹಾಡು ಇಲ್ಲಿಯೂ ಯಾರಿಗೂ ಹೊರಗಿನದು ಅನಿಸುವುದಿಲ್ಲ. ನಾನು ಬರ್ಲಿನ್ ಹಿಂದೆ ಬಿದ್ದದ್ದು ಆ ಹಾಡಿನಿಂದಲೇ.

1888ರ ಮೇ 11ರಂದು ಅವರು ಹುಟ್ಟಿದ್ದು ರಷ್ಯಾ ಸಾಮ್ರಾಜ್ಯದ ಬಡ ಯಹೂದಿ ಕುಟುಂಬದಲ್ಲಿ. ಆಗಿನ ಹೆಸರು ಇಸ್ರಾಯೆಲ್. ಅಪ್ಪ ಮೋಸೆಸ್ ಯಹೂದಿ ಮಂದಿರದಲ್ಲಿ ಪ್ರಾರ್ಥನೆ ಹಾಡುತ್ತಿದ್ದವರು. ಆ ಕಾಲದಲ್ಲಿ ಅಲ್ಲಿ ಯಹೂದಿಗಳ ಕೇರಿಗಳ ಮೇಲೆ ಗುಂಪು ದಾಳಿ ನಡೆಯುತ್ತಲೇ ಇತ್ತು. ಹುಟ್ಟಿದ ನೆಲದ ಬಗ್ಗೆ ತಮಗಿರುವುದು ಒಂದೇ ನೆನಪು ಅಂತ ಬರ್ಲಿನ್ ಹೇಳುತ್ತಿದ್ದರು. ರಸ್ತೆ ಪಕ್ಕದಲ್ಲಿ ಕಂಬಳಿಯ ಮೇಲೆ ಮಲಗಿದ್ದಾರೆ. ಎದುರಿಗೆ ಅವರ ಮನೆ ಉರಿಯುತ್ತಿದೆ. ಅಷ್ಟೇ. ಅದರ ಹಿಂದೆ ಏನೂ ಇಲ್ಲ, ಮುಂದೆ ಏನೂ ಇಲ್ಲ.

1893ರಲ್ಲಿ ಕುಟುಂಬ ಹಡಗು ಹತ್ತಿ ನ್ಯೂಯಾರ್ಕ್‌ಗೆ ಬಂತು. ಹುಡುಗನಿಗೆ ಐದು ವರ್ಷ. ಲೋಯರ್ ಈಸ್ಟ್ ಸೈಡ್‌ನ ಚೆರ್ರಿ ಸ್ಟ್ರೀಟ್‌ನಲ್ಲಿ ಇಕ್ಕಟ್ಟಾದ ಬಾಡಿಗೆ ಕೋಣೆಗಳು. ಪ್ರಾರ್ಥನೆ ಹಾಡುವವರಿಗೆ ಇಲ್ಲಿ ಅಷ್ಟು ಕೆಲಸ ಇರಲಿಲ್ಲ. ಅಪ್ಪ ಸಿಕ್ಕ ಕೆಲಸ ಮಾಡಿದರು, ಮಕ್ಕಳೂ ಮಾಡಿದರು. ಇಸ್ರಾಯೆಲ್ ಬೀದಿಯಲ್ಲಿ ಪತ್ರಿಕೆ ಮಾರಿದ. ಸಂಜೆ ಮಕ್ಕಳೆಲ್ಲ ಮನೆಗೆ ಬಂದಾಗ ತಾಯಿ ಮಡಿಲು ಒಡ್ಡಿ ಕೂರುತ್ತಿದ್ದರಂತೆ. ಒಬ್ಬೊಬ್ಬರೂ ಅವತ್ತಿನ ದುಡಿಮೆಯನ್ನು ಅದರೊಳಗೆ ಹಾಕಬೇಕು. ಚಿಲ್ಲರೆ ಬೀಳುವ ಸದ್ದಿನಲ್ಲೇ ಯಾರದು ಎಷ್ಟು ಅಂತ ಎಲ್ಲರಿಗೂ ಗೊತ್ತಾಗಿರಬೇಕು, ಅಲ್ವಾ?

1901ರಲ್ಲಿ ಅಪ್ಪ ತೀರಿಕೊಂಡರು. ಹುಡುಗನಿಗೆ ಹದಿಮೂರು. ತಾನು ತರುವುದು ಅಕ್ಕಂದಿರು ತರುವುದಕ್ಕಿಂತ ಕಡಿಮೆ, ತಾನು ಮನೆಗೆ ಭಾರ ಅನ್ನುವುದು ಅವನನ್ನು ಒಳಗೇ ಕೊರೆಯುತ್ತಿತ್ತು. ಒಂದು ದಿನ ಮನೆ ಬಿಟ್ಟ. ಬಾವರಿ ಅನ್ನುವ ಬೀದಿಯ ಅಗ್ಗದ ಛತ್ರಗಳಲ್ಲಿ ಮಲಗಿದ. ಸಾರಾಯಿ ಅಂಗಡಿಗಳಿಗೆ ನುಗ್ಗಿ ಹಾಡಿದ. ಕುಡಿದವರು ಎಸೆದ ಚಿಲ್ಲರೆಯಿಂದ ಹೊಟ್ಟೆ ತುಂಬಿಸಿಕೊಂಡ. ಅವನಿಗೆ ಗೊತ್ತಿದ್ದ ವಿದ್ಯೆ ಒಂದೇ, ಅಪ್ಪನಿಂದ ಬಂದದ್ದು.

ಮುಂದೆ ಚೈನಾಟೌನ್‌ನ ಪೆಲ್ಹಮ್ ಕೆಫೆಯಲ್ಲಿ ಕೆಲಸ ಸಿಕ್ಕಿತು. ಬಡಿಸಬೇಕು, ಬಡಿಸುತ್ತಾ ಹಾಡಬೇಕು. ಚಾಲ್ತಿಯ ಹಾಡುಗಳಿಗೆ ಪೋಲಿ ಮಾತು ಕಟ್ಟಿ ಹಾಡುವುದರಲ್ಲಿ ಹುಡುಗ ಬಲು ಚುರುಕು. ರಾತ್ರಿ ಗಿರಾಕಿಗಳೆಲ್ಲ ಹೋದ ಮೇಲೆ ಹಿಂದಿನ ಕೋಣೆಯ ಪಿಯಾನೋ ಮುಂದೆ ಕೂತು ಒಂದೊಂದೇ ಬೆರಳಿನಲ್ಲಿ ಮಟ್ಟು ಹುಡುಕುತ್ತಿದ್ದ. ಅವನಿಗೆ ಹೇಳಿಕೊಡುವವರು ಯಾರೂ ಇರಲಿಲ್ಲ. ಕರಿಮನೆಗಳು ಮೇಲೆ ಎದ್ದು ನಿಂತಿರುತ್ತವೆ, ಕೈಗೆ ತಾವಾಗಿ ಸಿಗುತ್ತವೆ. ಅಲ್ಲೇ ಬೆರಳು ನಿಂತಿತು. ಬಿಳಿಮನೆಗಳೆಲ್ಲ ಸಂಗೀತ ಕಲಿತವರಿಗೆ ಅಂತ ಮುಂದೆ ಅವರು ಹೇಳುತ್ತಿದ್ದರು.

ಇದನ್ನು ಓದಿದ ರಾತ್ರಿ ನಾನು ಮಗಳ ಕೀಬೋರ್ಡ್ ತೆಗೆದು ಮೇಜಿನ ಮೇಲೆ ಇಟ್ಟುಕೊಂಡೆ. ಮೂರನೆಯ ಕರಿಮನೆಯಲ್ಲಿ ಷಡ್ಜ ಹಿಡಿದೆ. ಬರೀ ಕರಿಮನೆಗಳನ್ನೇ ಒತ್ತುತ್ತಾ ಮೇಲೆ ಹೋದೆ. ಸ, ರಿ, ಗ, ಪ, ದ, ಮತ್ತೆ ಸ. ಮೋಹನ! ನಮ್ಮಲ್ಲಿ ಮಕ್ಕಳಿಗೆ ಶುರುವಿನ ಗೀತೆಗಳಲ್ಲೇ ಹೇಳಿಕೊಡುವ ಮೋಹನ ಆ ಐದು ಕರಿಮನೆಗಳಲ್ಲಿ ಹಾಗೇ ಕೂತಿದೆ. ಬರ್ಲಿನ್ ಮೋಹನದಲ್ಲಿ ಹಾಡು ಕಟ್ಟಿದರು ಅಂತ ನಾನು ಹೇಳುತ್ತಿಲ್ಲ. ಅವರಿಗೆ ಮ ಬೇಕು, ನಿ ಬೇಕು. ಆ ಶ್ರುತಿಯಲ್ಲಿ ಆ ಎರಡು ಸ್ವರಗಳು ಬಿಳಿಮನೆಗೆ ಬೀಳುತ್ತವೆ, ಅಲ್ಲಿಗೆ ಅವರೂ ಇಳಿಯುತ್ತಿದ್ದರು. ಆದರೆ ಏನೂ ಗೊತ್ತಿಲ್ಲದ ಹುಡುಗನೊಬ್ಬ ಅರ್ಧರಾತ್ರಿಯಲ್ಲಿ ಕರಿಮನೆಗಳನ್ನು ಒತ್ತಿದರೆ ಅಪಸ್ವರ ಬರುವುದೇ ಇಲ್ಲ. ಯಾವ ಕ್ರಮದಲ್ಲಿ ಒತ್ತಿದರೂ ಏನೋ ಒಂದು ಹಾಡಿನ ಹಾಗೆ ಕೇಳಿಸುತ್ತದೆ. ಅವನಿಗೆ ಎಷ್ಟು ಧೈರ್ಯ ಬಂದಿರಬೇಕು ಅಂತ ಆಗ ಅರ್ಥವಾಯಿತು.

1907ರಲ್ಲಿ ಮೊದಲ ಹಾಡು ಅಚ್ಚಾಯಿತು. ಪಕ್ಕದ ಇನ್ನೊಂದು ಅಂಗಡಿಯವರು ಒಂದು ಹಾಡು ಬರೆದು ಹೆಸರು ಮಾಡಿದ್ದರು. ನಮ್ಮದೂ ಒಂದು ಬರಲಿ ಅಂತ ಕೆಫೆಯ ಮಾಲೀಕರು ಹಟ ಹಿಡಿದರು. ಅಲ್ಲಿ ಪಿಯಾನೋ ನುಡಿಸುತ್ತಿದ್ದ ನಿಕ್ ನಿಕೊಲ್ಸನ್ ಮಟ್ಟು ಹಾಕಿದರು, ಹುಡುಗ ಮಾತು ಬರೆದ. 'ಮರೀ ಫ್ರಮ್ ಸನ್ನಿ ಇಟಲಿ'. ಅವನ ಪಾಲಿಗೆ ಬಂದದ್ದು ಮೂವತ್ತು ಚಿಲ್ಲರೆ ಸೆಂಟು. ಮುಖಪುಟದಲ್ಲಿ ಹೆಸರು ಐ. ಬರ್ಲಿನ್ ಅಂತ ಅಚ್ಚಾಗಿತ್ತು. ಅದೇ ಹೆಸರು ಕೊನೆಯವರೆಗೆ ಉಳಿಯಿತು.

ಆ ಮೂವತ್ತು ಚಿಲ್ಲರೆ ಸೆಂಟು ಓದಿದಾಗ ಸ್ಟೀಫನ್ ಫಾಸ್ಟರ್ ನೆನಪಾದರು. ಬರ್ಲಿನ್‌ಗಿಂತ ಮೊದಲಿನ ಶತಮಾನದಲ್ಲಿ ಅಮೆರಿಕ ತುಂಬ ಹಾಡಿದ್ದು ಅವರ ಹಾಡುಗಳನ್ನು. 'ಓ ಸುಸಾನ' ಅವರದ್ದೇ. 1864ರಲ್ಲಿ ನ್ಯೂಯಾರ್ಕ್‌ನ ಬೆಲ್‌ವ್ಯೂ ಆಸ್ಪತ್ರೆಯಲ್ಲಿ 37ನೇ ವಯಸ್ಸಿಗೆ ತೀರಿಕೊಂಡಾಗ ಅವರ ಪರ್ಸ್‌ನಲ್ಲಿ ಇದ್ದದ್ದು 38 ಸೆಂಟು. ಒಬ್ಬರು ಮುಗಿಸಿದ ಮೊತ್ತದಲ್ಲೇ ಇನ್ನೊಬ್ಬರು ಶುರು ಮಾಡಿದ ಹಾಗಿದೆ. ಹಾಡು ಎಲ್ಲರ ಬಾಯಲ್ಲಿ ಇದ್ದರೂ ಅದನ್ನು ಕಟ್ಟಿದವರ ಕೈಗೆ ಏನೂ ಸಿಗದ ಕಾಲ ಅದು. ಬರ್ಲಿನ್ ಇದನ್ನು ಬೇಗ ಅರ್ಥ ಮಾಡಿಕೊಂಡರು. 1914ರಲ್ಲಿ ಹಾಡು ಬರೆಯುವವರೂ ಪ್ರಕಾಶಕರೂ ಸೇರಿ ತಮ್ಮ ಹಕ್ಕಿಗಾಗಿ ಆಸ್ಕ್ಯಾಪ್ ಅನ್ನುವ ಸಂಘ ಕಟ್ಟಿದಾಗ ಮೊದಲ ಸದಸ್ಯರಲ್ಲಿ ಬರ್ಲಿನ್ ಕೂಡ ಒಬ್ಬರು. ಹೋಟೆಲಿನಲ್ಲಿ ಬ್ಯಾಂಡ್ ಇಟ್ಟು ಹಾಡು ನುಡಿಸಿ ಗಿರಾಕಿ ಸೆಳೆಯುವವರು ಹಾಡಿನವರಿಗೂ ಕೊಡಬೇಕು ಅನ್ನುವುದು ಸಂಘದ ವಾದ. 1917ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟ್ ಅದನ್ನು ಎತ್ತಿ ಹಿಡಿಯಿತು. 1919ರಲ್ಲಿ ಬರ್ಲಿನ್ ಸ್ವಂತ ಪ್ರಕಾಶನ ತೆರೆದರು. 1921ರಲ್ಲಿ ನಾಟಕ ನಿರ್ಮಾಪಕ ಸ್ಯಾಮ್ ಹ್ಯಾರಿಸ್ ಜೊತೆ ಸೇರಿ ಮ್ಯೂಸಿಕ್ ಬಾಕ್ಸ್ ಅನ್ನುವ ನಾಟಕಶಾಲೆಯನ್ನೇ ಕಟ್ಟಿಸಿದರು. ಅದು ಈಗಲೂ 45ನೇ ಬೀದಿಯಲ್ಲಿದೆ. ಅವರನ್ನು ಬರೀ ವ್ಯಾಪಾರಿ ಅಂತ ಹಂಗಿಸಿದವರಿದ್ದಾರೆ. ನನಗೆ ಹಾಗನ್ನಿಸುವುದಿಲ್ಲ. ತಾಯಿಯ ಮಡಿಲಿಗೆ ಬಿದ್ದ ಚಿಲ್ಲರೆಯ ಲೆಕ್ಕ ನೋಡಿ ಮನೆ ಬಿಟ್ಟ ಹುಡುಗ ಅವರು. ದುಡಿದದ್ದು ದುಡಿದವನಿಗೆ ಸಿಗಬೇಕು ಅನ್ನುವುದು ಅವರಿಗೆ ದುರಾಸೆ ಹೇಗಾದೀತು?

ನಡುವೆ 1911 ಬಂದು ಹೋಗಿತ್ತು. ಆ ವರ್ಷ 'ಅಲೆಕ್ಸಾಂಡರ್ಸ್ ರ‍್ಯಾಗ್‌ಟೈಮ್ ಬ್ಯಾಂಡ್' ಬಂತು. ಆಗ ಹಾಡು ಮಾರಾಟ ಆಗುತ್ತಿದ್ದದ್ದು ಜಾಸ್ತಿ ಕಾಗದದಲ್ಲಿ. ಜನ ಸ್ವರಲಿಪಿ ಅಚ್ಚಾದ ಹಾಳೆ ಕೊಂಡು ತಂದು ಮನೆಯ ಪಿಯಾನೋದಲ್ಲಿ ನುಡಿಸಿಕೊಳ್ಳುತ್ತಿದ್ದರು. ನ್ಯೂಯಾರ್ಕ್‌ನ 28ನೇ ಬೀದಿಯಲ್ಲಿ ಸಾಲಾಗಿ ಪ್ರಕಾಶಕರ ಕಚೇರಿಗಳು. ಒಂದೊಂದು ಕಿಟಕಿಯಿಂದಲೂ ಪಿಯಾನೋ ಬಡಿಯುವ ಸದ್ದು. ತಗಡಿನ ಪಾತ್ರೆ ಬಡಿದ ಹಾಗೆ ಕೇಳಿಸುತ್ತೆ ಅಂತ ಆ ಬೀದಿಗೆ ಟಿನ್ ಪ್ಯಾನ್ ಆಲಿ ಅನ್ನುವ ಹೆಸರೇ ಬಿತ್ತು. ಅಲ್ಲಿಂದ ಹೊರಟ ಈ ಹಾಡಿನ ಹಾಳೆಗಳು ವರ್ಷದೊಳಗೆ 10 ಲಕ್ಷ ದಾಟಿದವು ಅನ್ನುತ್ತಾರೆ. ಬರ್ಲಿನ್‌ಗೆ ಆಗ ಇಪ್ಪತ್ಮೂರು.

ಇಲ್ಲಿ ಒಂದು ಮಾತು ಹೇಳಲೇಬೇಕು. ರ‍್ಯಾಗ್‌ಟೈಮ್ ಕರಿಯ ಸಂಗೀತಗಾರರು ಕಟ್ಟಿ ಬೆಳೆಸಿದ ಸಂಗೀತ. ಅದರ ದೊಡ್ಡ ಹೆಸರು ಸ್ಕಾಟ್ ಜಾಪ್ಲಿನ್. ಈ ಹಾಡಿನ ಒಂದು ಭಾಗ ತನ್ನ 'ಟ್ರೀಮೊನೀಷ' ಗೀತನಾಟಕದಿಂದ ಹೋದದ್ದು ಅಂತ ಜಾಪ್ಲಿನ್ ನಂಬಿದ್ದರು. ಬರ್ಲಿನ್‌ಗೆ ಹಾಡು ಬರೆದುಕೊಡುವ ಕರಿಯ ಹುಡುಗನೊಬ್ಬ ಇದ್ದಾನೆ ಅನ್ನುವ ಗಾಳಿಮಾತೂ ಹಬ್ಬಿತ್ತು. ಬರ್ಲಿನ್ ಎರಡನ್ನೂ ಒಪ್ಪಲಿಲ್ಲ. ಕದ್ದರು ಅನ್ನುವುದಕ್ಕೆ ಪುರಾವೆ ಇಲ್ಲ. ಆದರೆ ಕರಿಯರ ಸಂಗೀತದಿಂದ ಹೊಮ್ಮಿದ ಅಲೆಯ ಮೇಲೆ ಬಿಳಿಯ ಹಾಡುಗಾರರೂ ಪ್ರಕಾಶಕರೂ ದಡ ಸೇರಿದರು, ಜಾಪ್ಲಿನ್ ಮಾತ್ರ ತಮ್ಮ ಗೀತನಾಟಕವನ್ನು ರಂಗದ ಮೇಲೆ ಸರಿಯಾಗಿ ನೋಡದೇ 1917ರಲ್ಲಿ ಹೋಗಿಬಿಟ್ಟರು. ಬರ್ಲಿನ್‌ರ ಶುರುವಿನ ಹಾಡುಗಳಲ್ಲಿ ಕರಿಯರನ್ನೂ ವಲಸಿಗರನ್ನೂ ಆಡಿಕೊಂಡು ನಗುವ ಹಾಡುಗಳೂ ಇವೆ. ಅವರನ್ನು ಪ್ರೀತಿಸುವ ನಾನು ಅದನ್ನು ಮುಚ್ಚಿಡಲಾರೆ.

ಈಗ ಆ ಪಿಯಾನೋಗೆ ಬರುತ್ತೇನೆ. ಒಂದೇ ಶ್ರುತಿ ಗೊತ್ತಿರುವವರು ಬೇರೆ ಬೇರೆ ಶ್ರುತಿಯ ಹಾಡುಗಾರರಿಗೆ ಹಾಡು ಕಟ್ಟುವುದು ಹೇಗೆ? ಬರ್ಲಿನ್ ಒಂದು ವಿಶೇಷ ಪಿಯಾನೋ ಕೊಂಡರು. ಕೀಲಿಮಣೆಯ ಕೆಳಗೆ ಒಂದು ಹಿಡಿಕೆ. ಅದನ್ನು ಜರುಗಿಸಿದರೆ ಕೀಲಿಗಳು ಒತ್ತುವ ತಂತಿಗಳೇ ಬದಲಾಗುತ್ತವೆ. ಬೆರಳು ಅದೇ ಕರಿಮನೆಗಳ ಮೇಲೆ, ಕಿವಿಗೆ ಬೀಳುವ ಶ್ರುತಿ ಬೇರೆ. ನಮ್ಮ ಸ್ಕೇಲ್ ಚೇಂಜರ್ ಹಾರ್ಮೋನಿಯಂ ನೋಡಿದವರಿಗೆ ಇದು ತಟ್ಟನೆ ಅರ್ಥವಾಗುತ್ತದೆ. ಮೇಲಿನ ಮಣೆಯನ್ನು ಎತ್ತಿ ಒಂದು ಮನೆ ಆಚೆ ಸರಿಸಿ ಕೂರಿಸುತ್ತೇವಲ್ಲ, ಅದೇ ಉಪಾಯ. ಈಗಿನ ಕೀಬೋರ್ಡುಗಳಲ್ಲಿ ಅದಕ್ಕೆ ಒಂದು ಗುಂಡಿ ಸಾಕು. ಬರ್ಲಿನ್ ಆ ಪಿಯಾನೋವನ್ನು ಅಕ್ಕರೆಯಿಂದ ಬ್ಯೂಕ್ ಅಂತ ಕರೆಯುತ್ತಿದ್ದರು, ಕಾರಿನ ಹೆಸರು. ಅವರು ಬಳಸಿದ ಅಂಥ ಪಿಯಾನೋ ಒಂದು ಸ್ಮಿತ್‌ಸೋನಿಯನ್ ವಸ್ತುಸಂಗ್ರಹಾಲಯದಲ್ಲಿದೆ.

ಹಾಡು ಬರೆದುಕೊಳ್ಳಲು ಜೊತೆಗೆ ಸಂಗೀತ ಬಲ್ಲವರೊಬ್ಬರು ಇರುತ್ತಿದ್ದರು. ಬಹಳ ವರ್ಷ ಆ ಕೆಲಸ ಮಾಡಿದವರು ಹೆಲ್ಮಿ ಕ್ರೇಸಾ. ಬರ್ಲಿನ್ ಹಾಡುತ್ತಾರೆ, ಕರಿಮನೆಗಳಲ್ಲಿ ನುಡಿಸುತ್ತಾರೆ. ಇವರು ಬರೆದುಕೊಳ್ಳುತ್ತಾರೆ. ಮಟ್ಟಿನ ಕೆಳಗೆ ಯಾವ ಸ್ವರಗುಚ್ಛ ಕೂರಬೇಕು ಅನ್ನುವಾಗ ಒಂದಾದ ಮೇಲೊಂದು ನುಡಿಸಿ ತೋರಿಸಬೇಕು. ಅಲ್ಲ. ಅದೂ ಅಲ್ಲ. ಹಾಂ, ಇದು. ಹೆಸರು ಗೊತ್ತಿಲ್ಲದಿದ್ದರೂ ತಮಗೆ ಬೇಕಾದದ್ದು ಯಾವುದು ಅಂತ ಅವರಿಗೆ ಖಚಿತವಾಗಿ ಗೊತ್ತಿತ್ತು. ನನ್ನ ಅಜ್ಜಿಗೆ ಯಾವ ರಾಗದ ಹೆಸರೂ ಗೊತ್ತಿರಲಿಲ್ಲ. ಆದರೆ ಹಸೆಹಾಡಿನಲ್ಲಿ ನಾವು ಒಂದು ಕಡೆ ಜಾರಿದರೆ ರೊಟ್ಟಿ ತಟ್ಟುತ್ತಾ ಅಡುಗೆಮನೆಯಿಂದಲೇ "ಅಲ್ಲಲ್ಲ" ಅನ್ನುತ್ತಿದ್ದರು. ನನಗೆ ಬರ್ಲಿನ್ ಅರ್ಥವಾದದ್ದು ಅಜ್ಜಿಯ ಮೂಲಕ.

ಇಷ್ಟು ಸರಳ ಹಾಡುಗಳನ್ನು ಅವರು ಸುಮ್ನೆ ಗುನುಗಿ ಬಿಸಾಕಿದರು ಅಂತ ಅಂದುಕೊಳ್ಳಬೇಡಿ. ರಾತ್ರಿಯೆಲ್ಲ ಕೂತು ಬೆಳಗಿನ ಜಾವದವರೆಗೆ ತಿದ್ದುತ್ತಿದ್ದರು. ಮಟ್ಟು ಸಾಮಾನ್ಯ ಜನರ ಗಂಟಲಿಗೆ ಎಟುಕುವ ಹಾಗಿರಬೇಕು. ಮಾತು ಗಂಡು ಹಾಡಿದರೂ ಹೆಣ್ಣು ಹಾಡಿದರೂ ಹೊಂದಬೇಕು. ಆಮೇಲೆ ದುಡಿಯಬೇಕು, ದುಡಿಯಬೇಕು, ಮತ್ತೂ ದುಡಿಯಬೇಕು. 1920ರಲ್ಲಿ ಪತ್ರಿಕೆಯೊಂದಕ್ಕೆ ಅವರು ಹೇಳಿದ ಸೂತ್ರಗಳಲ್ಲಿ ಇವೂ ಇವೆ. ಹಾಡು ಕಟ್ಟುವುದರಲ್ಲಿ ಅವರಿಗೆ ಸಮನಾದ ಜೆರೋಮ್ ಕೆರ್ನ್, ಅಮೆರಿಕದ ಸಂಗೀತದಲ್ಲಿ ಬರ್ಲಿನ್‌ಗೆ ಇಂಥ ಜಾಗ ಅಂತ ಇಲ್ಲ, ಅವರೇ ಅಮೆರಿಕದ ಸಂಗೀತ ಎಂದಿದ್ದರು.

ಅವರ ಬದುಕಿನ ಎರಡು ಸಾವುಗಳ ಬಗ್ಗೆ ಹೇಳದೆ ಹಾಡುಗಳ ಬಗ್ಗೆ ಹೇಳಲು ನನ್ನಿಂದಾಗದು.

1912ರ ಫೆಬ್ರುವರಿಯಲ್ಲಿ ಡೊರೊಥಿ ಗೆಟ್ಸ್ ಅನ್ನುವ ಇಪ್ಪತ್ತರ ಹುಡುಗಿಯನ್ನು ಮದುವೆಯಾದರು. ಇಬ್ಬರೂ ಕ್ಯೂಬಾಕ್ಕೆ ಹೋಗಿ ಬಂದರು. ಅಲ್ಲಿಂದ ಟೈಫಾಯ್ಡ್ ಅಂಟಿಕೊಂಡು ಬಂತು. ಮದುವೆಯಾದ ವರ್ಷದ ಬೇಸಿಗೆಯಲ್ಲೇ ಆಕೆ ಹೋದರು. ಹಲವು ವಾರ ಬರ್ಲಿನ್‌ಗೆ ಏನೂ ಬರೆಯಲಾಗಲಿಲ್ಲ. ಬರೆದದ್ದು ಮನಸ್ಸಿಗೆ ಒಗ್ಗಲಿಲ್ಲ. ಕೊನೆಗೆ 'ವೆನ್ ಐ ಲಾಸ್ಟ್ ಯೂ' ಅನ್ನುವ ಹಾಡು ಬಂತು. ಅದುವರೆಗೆ ಜನರನ್ನು ಕುಣಿಸಿದವರು, ನಗಿಸಿದವರು ಮೊದಲ ಸಲ ತಮ್ಮ ದುಃಖವನ್ನೇ ಹಾಡಾಗಿಸಿದರು. ಅದರ ಹಾಳೆಗಳೂ 10 ಲಕ್ಷ ದಾಟಿದವು.

ಮುಂದೆ ಹದಿಮೂರು ವರ್ಷ ಒಂಟಿ. 1926ರ ಜನವರಿ 4ರಂದು ಎಲಿನ್ ಮೆಕೆ ಅವರನ್ನು ಮದುವೆಯಾದರು. ಎಲಿನ್ ಭಾರಿ ಸಿರಿವಂತ ಕ್ಯಾಥೊಲಿಕ್ ಮನೆಯ ಮಗಳು, ಬರಹಗಾರ್ತಿ. ಬರ್ಲಿನ್ ಆಗ ಹೆಸರಾಂತರೇ, ದುಡ್ಡಿದ್ದವರೇ. ಆದರೂ ವಲಸೆ ಬಂದ ಯಹೂದಿ, ಹಾಡು ಬರೆಯುವವನು. ತಂದೆ ಕ್ಲಾರೆನ್ಸ್ ಮೆಕೆ ಒಪ್ಪಲಿಲ್ಲ. ಮಗಳನ್ನು ದೂರ ಮಾಡಿದರು. ಬರ್ಲಿನ್ ಮದುವೆಯ ಉಡುಗೊರೆಯಾಗಿ 'ಆಲ್ವೇಸ್' ಹಾಡನ್ನು, ಅದರಿಂದ ಬರುವ ಹಣವನ್ನೆಲ್ಲ ಹೆಂಡತಿಯ ಹೆಸರಿಗೆ ಬರೆದುಕೊಟ್ಟರು. ಮಾವನ ಮನೆಯ ಬಾಗಿಲು ಮುಚ್ಚಿದ್ದಕ್ಕೆ ಇದಕ್ಕಿಂತ ಚಂದದ ಉತ್ತರ ಇದೆಯೇ? ಆ ಮದುವೆ 62 ವರ್ಷ ನಿಂತಿತು.

1928ರ ಡಿಸೆಂಬರ್ 1ರಂದು ಗಂಡು ಮಗು ಹುಟ್ಟಿತು. ಅಪ್ಪನ ಹೆಸರನ್ನೇ ಇಟ್ಟರು. ಮಗು ಒಂದು ತಿಂಗಳೂ ಬದುಕಲಿಲ್ಲ. ಹೋದದ್ದು ಕ್ರಿಸ್‌ಮಸ್ ದಿನ.

ಆಮೇಲೆ ಪ್ರತಿ ವರ್ಷ ಕ್ರಿಸ್‌ಮಸ್ ಬಂದಾಗ ಗಂಡ ಹೆಂಡತಿ ಮಗುವಿನ ಸಮಾಧಿಗೆ ಹೋಗಿ ಬರುತ್ತಿದ್ದರು. ಮನೆಯಲ್ಲಿ ಹೆಣ್ಣುಮಕ್ಕಳಿಗಾಗಿ ಹಬ್ಬ ನಡೆಯುತ್ತಿತ್ತು. ಮರ, ದೀಪ, ಉಡುಗೊರೆ ಎಲ್ಲ ಇರುತ್ತಿತ್ತು. ಅಪ್ಪ ಅಮ್ಮ ಅವತ್ತು ಎಲ್ಲಿಗೆ ಹೋಗಿ ಬಂದರು ಅನ್ನುವುದು ಮಕ್ಕಳಿಗೆ ಗೊತ್ತಾದದ್ದು ದೊಡ್ಡವರಾದ ಮೇಲೆ.

'ವೈಟ್ ಕ್ರಿಸ್‌ಮಸ್' ಬರೆದದ್ದು ಈ ತಂದೆ. ಸ್ವಂತ ಹಬ್ಬವಲ್ಲದ ಹಬ್ಬ. ಚೆರ್ರಿ ಸ್ಟ್ರೀಟ್‌ನಲ್ಲಿ ನೆರೆಮನೆಯ ಐರಿಶ್ ಕುಟುಂಬದ ಕ್ರಿಸ್‌ಮಸ್ ಮರವನ್ನು ನೋಡಲು ಹುಡುಗ ಓಡಿ ಹೋಗುತ್ತಿದ್ದನಂತೆ. ಬಡವರ ಮನೆಯ ಪುಟ್ಟ ಮರ, ಅವನ ಕಣ್ಣಿಗೆ ಅದೇ ಆಕಾಶದೆತ್ತರ. ಮೊದಲು ಬರೆದಾಗ ಹಾಡಿಗೆ ಒಂದು ಪೀಠಿಕೆ ಇತ್ತು. ಬಿಸಿಲು, ಕಿತ್ತಳೆ ಮರ, ತಾಳೆ ಮರಗಳ ಲಾಸ್ ಏಂಜಲೀಸ್‌ನಲ್ಲಿ ಕೂತವರೊಬ್ಬರು ಉತ್ತರದ ಹಿಮವನ್ನು ನೆನೆಯುವ ಸಾಲುಗಳು. ಆಮೇಲೆ ಬರ್ಲಿನ್ ಆ ಪೀಠಿಕೆಯನ್ನು ತೆಗೆಸಿದರು. ಊರಿನ ಹೆಸರು ಹೋಯಿತು, ಕಾರಣ ಹೋಯಿತು, ಬರೀ ಹಂಬಲ ಉಳಿಯಿತು. ಅದಕ್ಕೇ ಅದು ಯಾರದ್ದು ಬೇಕಾದರೂ ಆಯಿತು ಅಂತ ನನ್ನ ಭಾವನೆ.

ಹಾಡಿನ ಮೊದಲ ಸಾಲನ್ನು ಹಾರ್ಮೋನಿಯಂನಲ್ಲಿ ಹುಡುಕಿ ನೋಡಿ. ಎಂಟೇ ಸ್ವರ. ಗಾಂಧಾರದಲ್ಲಿ ಶುರು. ಒಂದು ಹೆಜ್ಜೆ ಮೇಲೆ ಮಧ್ಯಮ, ಮತ್ತೆ ಗಾಂಧಾರ. ಅಲ್ಲಿಂದ ಅರ್ಧ ಮನೆ ಕೆಳಗೆ, ಕೋಮಲ ಗಾಂಧಾರಕ್ಕೆ. ಮತ್ತೆ ಗಾಂಧಾರ, ಮಧ್ಯಮ, ತೀವ್ರ ಮಧ್ಯಮ, ಪಂಚಮ. ಎಲ್ಲೂ ಹಾರುವುದಿಲ್ಲ, ಒಂದು ಮನೆಯನ್ನೂ ದಾಟಿಸುವುದಿಲ್ಲ. ಕರೆಂಟು ಹೋದಾಗ ಗೋಡೆ ಸವರುತ್ತಾ ನಡೆಯುತ್ತೇವಲ್ಲ, ಹಾಗೆ ಸರಿಯುತ್ತದೆ. ಕರಿಮನೆಗಳಲ್ಲೇ ಬೆರಳು ಪಳಗಿದವರು ಈ ಸಾಲಿಗಾಗಿ ನಡುನಡುವಿನ ಬಿಳಿಮನೆಗಳನ್ನೆಲ್ಲ ತಡವಿದ್ದಾರೆ. ನನಗೆ ಗೊತ್ತಿರುವ ಯಾವ ರಾಗದಲ್ಲೂ ಈ ಸಂಚಾರ ಕೂರುವುದಿಲ್ಲ. ಆದರೆ ಬಾರಿಸುತ್ತಾ ಹೋದರೆ ಎದೆ ಭಾರವಾಗುತ್ತದೆ. ಹಬ್ಬದ ಹಾಡಿಗೆ ಇಷ್ಟು ಅಳುಕು ಎಲ್ಲಿಂದ ಬಂತು ಅಂತ ಮಗುವಿನ ಕಥೆ ಓದುವವರೆಗೆ ನನಗೆ ತಿಳಿದಿರಲಿಲ್ಲ. ಹಾಡು ಆ ಮಗುವಿನ ಬಗ್ಗೆ ಅಂತ ಬರ್ಲಿನ್ ಹೇಳಿದವರಲ್ಲ. ನನಗೆ ಮಾತ್ರ ಈಗ ಬೇರೆ ರೀತಿ ಕೇಳಿಸುವುದಿಲ್ಲ.

1941ರ ಕ್ರಿಸ್‌ಮಸ್ ದಿನ ಬಿಂಗ್ ಕ್ರಾಸ್ಬಿ ಅದನ್ನು ರೇಡಿಯೋದಲ್ಲಿ ಹಾಡಿದರು. ಪರ್ಲ್ ಹಾರ್ಬರ್ ಮೇಲೆ ಬಾಂಬು ಬಿದ್ದು ಮೂರು ವಾರವೂ ಆಗಿರಲಿಲ್ಲ. ಮರುವರ್ಷ 'ಹಾಲಿಡೇ ಇನ್' ಸಿನಿಮಾದಲ್ಲಿ ಬಂತು, ಆಸ್ಕರ್ ಪಡೆಯಿತು. ಅಷ್ಟರಲ್ಲಿ ಅಮೆರಿಕದ ಹುಡುಗರು ಮರುಭೂಮಿಯಲ್ಲಿ, ಶಾಂತ ಸಾಗರದ ದ್ವೀಪಗಳಲ್ಲಿ ಯುದ್ಧದ ನಡುವೆ ಇದ್ದರು. ಸೇನೆಯ ರೇಡಿಯೋಗೆ ಈ ಹಾಡು ಬೇಕು ಅಂತ ಕಾಗದಗಳ ಮೇಲೆ ಕಾಗದ ಬಂದವು. ಹಾಡಿನಲ್ಲಿ ಯುದ್ಧದ ಮಾತೇ ಇಲ್ಲ. ಮನೆಯಿಂದ ದೂರ ಇದ್ದವರಿಗೆ ಅದು ಬೇಕಾಗಿಯೂ ಇರಲಿಲ್ಲ. ಕ್ರಾಸ್ಬಿ ಹಾಡಿದ ಮುದ್ರಿಕೆ 5 ಕೋಟಿ ಪ್ರತಿ ಮಾರಾಟವಾಗಿದೆ ಅನ್ನುವ ಅಂದಾಜಿದೆ. ಜಗತ್ತಿನಲ್ಲಿ ಇಷ್ಟು ಮಾರಾಟವಾದ ಬೇರೆ ಬಿಡಿ ಹಾಡು ಇಲ್ಲ.

1975ರ ಏಪ್ರಿಲ್ 29ರಂದು ವಿಯೆಟ್ನಾಂನ ಸೈಗಾನ್ ನಗರದಲ್ಲಿ ಅಮೆರಿಕದ ರೇಡಿಯೋ ಈ ಹಾಡನ್ನು ಹಾಕಿತು. ಉರಿ ಬಿಸಿಲಿನ ತಿಂಗಳು. ಅದು ಗುಟ್ಟಿನ ಸೂಚನೆ. ಹಾಡು ಕೇಳಿಸಿದ ಕೂಡಲೇ ಅಲ್ಲಿದ್ದ ಅಮೆರಿಕನ್ನರು ಊರು ಬಿಟ್ಟು ಹೊರಡಬೇಕು. ಉರಿಯುವ ಮನೆಯಿಂದ ಓಡಿ ಬಂದ ಮಗು ಮುಂದೆ ಬರೆದ ಹಾಡಿಗೆ ಇಂಥ ಕೆಲಸವೂ ಕಾದಿತ್ತು. ಅವತ್ತು ಬರ್ಲಿನ್ ಬದುಕಿದ್ದರು, ಎಂಬತ್ತಾರು ವರ್ಷ. ಸುದ್ದಿ ಕೇಳಿ ಅವರಿಗೆ ಏನನ್ನಿಸಿತೋ.

'ಗಾಡ್ ಬ್ಲೆಸ್ ಅಮೆರಿಕ'ದ ಕಥೆಯನ್ನು ಚುಟುಕಾಗಿ ಹೇಳುತ್ತೇನೆ. ಆ ಮಾತು ಬರ್ಲಿನ್‌ರ ತಾಯಿ ಆಗಾಗ ಹೇಳುತ್ತಿದ್ದದ್ದು. ತಿನ್ನಲು ಸರಿಯಾಗಿ ಇಲ್ಲದಿದ್ದಾಗಲೂ ಆಕೆ ಆ ದೇಶವನ್ನು ಹರಸುತ್ತಿದ್ದರು, ಯಾಕೆಂದರೆ ಇಲ್ಲಿ ಯಾರೂ ಮನೆಗೆ ಬೆಂಕಿ ಇಡುವುದಿಲ್ಲ. 1918ರಲ್ಲಿ ಸೈನ್ಯ ಸೇರಿ ಕ್ಯಾಂಪ್ ಅಪ್ಟನ್‌ನಲ್ಲಿದ್ದಾಗ ಸೈನಿಕರ ಆಟಕ್ಕಾಗಿ ಅದನ್ನು ಬರೆದರು. ಭಾರವಾಯಿತು ಅನ್ನಿಸಿ ಪೆಟ್ಟಿಗೆಗೆ ಹಾಕಿದರು. ಇಪ್ಪತ್ತು ವರ್ಷದ ಮೇಲೆ ಯೂರೋಪಿನಲ್ಲಿ ಹಿಟ್ಲರ್ ಹಬ್ಬುತ್ತಿದ್ದಾಗ ತೆಗೆದು ತಿದ್ದಿ ಗಾಯಕಿ ಕೇಟ್ ಸ್ಮಿತ್ ಅವರಿಗೆ ಕೊಟ್ಟರು. 1938ರ ನವೆಂಬರ್‌ನಲ್ಲಿ ರೇಡಿಯೋದಲ್ಲಿ ಬಂದ ಹಾಡನ್ನು ದೇಶವೇ ಎತ್ತಿಕೊಂಡಿತು. ಯಹೂದಿ ವಲಸಿಗನಿಗೆ ಈ ದೇಶವನ್ನು ಹರಸಲು ಏನು ಹಕ್ಕು ಅಂತ ಕೂಗಾಡಿದವರೂ ಇದ್ದರು. ಅದರಿಂದ ಬರುವ ಹಣವನ್ನು ಬರ್ಲಿನ್ ಮುಟ್ಟಲಿಲ್ಲ. ಎಲ್ಲವನ್ನೂ ಸ್ಕೌಟ್ ಮಕ್ಕಳಿಗೆ ಬರೆದುಕೊಟ್ಟರು.

ಇದಕ್ಕಿಂತ ನನಗೆ ಜಾಸ್ತಿ ಮುಖ್ಯ ಅನ್ನಿಸುವ ಹಾಡು ಇನ್ನೊಂದಿದೆ. 1933ರ 'ಆ್ಯಸ್ ಥೌಸಂಡ್ಸ್ ಚಿಯರ್' ರಂಗಪ್ರದರ್ಶನದ 'ಸಪ್ಪರ್ ಟೈಮ್'. ಕರಿಯ ಹೆಂಗಸೊಬ್ಬಳು ರಾತ್ರಿ ಊಟಕ್ಕೆ ತಟ್ಟೆ ಇಡಬೇಕು. ಗಂಡನನ್ನು ಬಿಳಿಯರ ಗುಂಪು ಕೊಂದಿದೆ. ಇನ್ನು ಅವನು ಬರುವುದಿಲ್ಲ ಅಂತ ಮಕ್ಕಳಿಗೆ ಹೇಗೆ ಹೇಳುವುದು? ನಗಿಸಲು ಮಾಡಿದ ಪ್ರದರ್ಶನದ ನಡುವೆ ಎಥೆಲ್ ವಾಟರ್ಸ್ ಇದನ್ನು ಹಾಡಿದರು. ಕೊಲೆಯ ವಿವರ ಹಾಡಿನಲ್ಲಿಲ್ಲ. ಒಲೆ, ತಟ್ಟೆ, ಮಕ್ಕಳು, ಹೊತ್ತು, ಅಷ್ಟೇ. ಎಥೆಲ್ ಜೊತೆ ನಿಂತು ಕೊನೆಯ ನಮಸ್ಕಾರ ಮಾಡಲು ಬಿಳಿಯ ನಟರು ಒಪ್ಪದಿದ್ದಾಗ, ಹಾಗಾದರೆ ಯಾರೂ ನಮಸ್ಕಾರ ಮಾಡುವುದು ಬೇಡ ಅಂತ ಬರ್ಲಿನ್ ಹೇಳಿದರಂತೆ. ಮರುದಿನ ಎಲ್ಲರೂ ಜೊತೆಗೇ ನಿಂತರು. ಶುರುವಿನ ಆಡಿಕೊಳ್ಳುವ ಹಾಡುಗಳಿಂದ ಈ ಹಾಡಿನವರೆಗೆ ಆ ಮನುಷ್ಯ ಎಷ್ಟು ದೂರ ನಡೆದಿದ್ದಾರೆ!

1946ರ 'ಆ್ಯನಿ ಗೆಟ್ ಯುವರ್ ಗನ್' ಗೀತನಾಟಕ ಮೊದಲು ಅವರದ್ದಾಗಿರಲಿಲ್ಲ. ಅದಕ್ಕೆ ಸಂಗೀತ ಮಾಡಬೇಕಿದ್ದ ಜೆರೋಮ್ ಕೆರ್ನ್ 1945ರ ನವೆಂಬರ್‌ನಲ್ಲಿ ತೀರಿಕೊಂಡರು. ಕಥೆಯೊಳಗೆ ಹಾಡು ಹೆಣೆಯುವ ಹೊಸ ಬಗೆ ತನ್ನಿಂದಾಗದು ಅಂತ ಐವತ್ತೇಳರ ಬರ್ಲಿನ್ ಹಿಂಜರಿದರು. ಮಾತುಕತೆಯ ಹಸ್ತಪ್ರತಿ ತೆಗೆದುಕೊಂಡು ಹೋಗಿ ಕೆಲವೇ ದಿನಗಳಲ್ಲಿ ಹಲವು ಹಾಡುಗಳೊಂದಿಗೆ ಬಂದರು. ಒಂದು ಹಾಡು ಕೇಳಿಸುವಾಗ ನಿರ್ಮಾಪಕ ರಿಚರ್ಡ್ ರಾಜರ್ಸ್ ಮುಖದಲ್ಲಿ ನಗು ಕಾಣಲಿಲ್ಲ. ಹಿಡಿಸಲಿಲ್ಲ ಅಂತ ಅಂದುಕೊಂಡು ಅದನ್ನು ಕೈಬಿಟ್ಟರು. ರಾಜರ್ಸ್ ಬೇರೇನೋ ಯೋಚನೆಯಲ್ಲಿದ್ದರು ಅಷ್ಟೇ. ಕಚೇರಿಯೆಲ್ಲ ಹುಡುಕಿ ಆ ಹಾಳೆಯನ್ನು ಮತ್ತೆ ತೆಗೆದರು. ಅದು 'ದೇರ್ ಇಸ್ ನೋ ಬಿಸಿನೆಸ್ ಲೈಕ್ ಶೋ ಬಿಸಿನೆಸ್'. ಆ ದೇಶದ ರಂಗಭೂಮಿಯೇ ತನ್ನ ಹಾಡು ಅಂದುಕೊಂಡ ಹಾಡು. ನಲವತ್ತು ವರ್ಷ ಹೆಸರು ಮಾಡಿದವರು ಎದುರಿನವರ ಮುಖ ನೋಡಿ ಹಾಡು ಬಿಟ್ಟರು. ಚಿಲ್ಲರೆ ಎಸೆಯುವವರ ಮುಖ ಓದಿ ಕಲಿತ ವಿದ್ಯೆ ಎಲ್ಲಿ ಹೋದೀತು?

1962ರ 'ಮಿಸ್ಟರ್ ಪ್ರೆಸಿಡೆಂಟ್' ಗೀತನಾಟಕ ಸೋತಿತು. ರಾಕ್ ಅಂಡ್ ರೋಲ್ ಕಾಲ ಬಂದಿತ್ತು. ಬರ್ಲಿನ್ ನಿಧಾನಕ್ಕೆ ಬಾಗಿಲು ಹಾಕಿಕೊಂಡರು. ಬೀಕ್ಮನ್ ಪ್ಲೇಸ್‌ನ 17ನೇ ನಂಬರಿನ ಮನೆ, ನದಿಯ ಹತ್ತಿರ. ಚಿಕ್ಕಂದಿನಲ್ಲಿ ಪತ್ರಿಕೆ ಮಾರುತ್ತಾ ಓಡಾಡಿದ ಅದೇ ಈಸ್ಟ್ ರಿವರ್. ಸಂದರ್ಶನ ಇಲ್ಲ, ಸಮಾರಂಭ ಇಲ್ಲ, ಫೋನಿನಲ್ಲಿ ಮಾತ್ರ ಹಳೆಯ ಗೆಳೆಯರ ಜೊತೆ ಮಾತು. 1983ರಲ್ಲಿ ಟ್ಯಾಕೊ ಅನ್ನುವ ಹೊಸ ಹಾಡುಗಾರ 'ಪುಟ್ಟಿನ್ ಆನ್ ದ ರಿಟ್ಸ್' ಅನ್ನು ಎಲೆಕ್ಟ್ರಾನಿಕ್ ವಾದ್ಯಗಳಲ್ಲಿ ಹಾಡಿದಾಗ 1930ರ ಆ ಹಾಡು ಮತ್ತೆ ಅಮೆರಿಕದ ಮೊದಲ ಹತ್ತರಲ್ಲಿ ಬಂತು. 'ಅಲೆಕ್ಸಾಂಡರ್ಸ್ ರ‍್ಯಾಗ್‌ಟೈಮ್ ಬ್ಯಾಂಡ್'ನ ಹಕ್ಕಿನ 75 ವರ್ಷದ ಅವಧಿ ಮುಗಿದು ಅದು ಎಲ್ಲರ ಸೊತ್ತಾದಾಗ, ಬರೆದವರು ಇನ್ನೂ ಇದ್ದರು. ಎಲಿನ್ 1988ರಲ್ಲಿ ಹೋದರು. ಮರುವರ್ಷ ಸೆಪ್ಟೆಂಬರ್ 22ರಂದು ಬರ್ಲಿನ್ ಹೋದರು.

ನನಗೆ ಅವರನ್ನು ನೆನೆದರೆ ಆ ಕೊನೆಯ ದಿನಗಳಿಗಿಂತ 1983ರ ಕ್ರಿಸ್‌ಮಸ್ ಹಿಂದಿನ ರಾತ್ರಿ ಕಣ್ಣಿಗೆ ಬರುತ್ತದೆ. ನ್ಯೂಯಾರ್ಕ್‌ನ ಪಿಯಾನೋ ವಾದಕ ಜಾನ್ ವಾಲೊವಿಚ್ ಒಂದಿಷ್ಟು ಹಾಡುಗಾರರನ್ನು ಕರೆದುಕೊಂಡು ಬೀಕ್ಮನ್ ಪ್ಲೇಸ್‌ಗೆ ಬಂದರು. ಕೊರೆಯುವ ಚಳಿ. ಮುಚ್ಚಿದ ಕಿಟಕಿಗಳ ಕೆಳಗೆ ಬೀದಿಯಲ್ಲಿ ನಿಂತು ಮೊದಲು 'ಆಲ್ವೇಸ್' ಹಾಡಿದರು, ಆಮೇಲೆ 'ವೈಟ್ ಕ್ರಿಸ್‌ಮಸ್' ಹಾಡಿದರು. ಒಳಗಿನಿಂದ ಕರೆ ಬಂತು. ಅಡುಗೆಮನೆಗೆ ಹೋದರೆ ಅಲ್ಲಿ ತೊಂಬತ್ತೈದರ ಮುದುಕರು ರಾತ್ರಿ ಉಡುಪಿನಲ್ಲೇ ನಿಂತಿದ್ದಾರೆ. ತಮಗೆ ಯಾವತ್ತೂ ಸಿಕ್ಕಿರದಂಥ ಕ್ರಿಸ್‌ಮಸ್ ಉಡುಗೊರೆ ಇದು ಅಂದರು. ಒಬ್ಬೊಬ್ಬರನ್ನಾಗಿ ತಬ್ಬಿಕೊಂಡರು. ಆಮೇಲೆ ಬಂದವರೆಲ್ಲ ಮತ್ತೆ ಚಳಿಗೆ ಹೊರಟರು.